ಟಿಬಿ ರೋಗಾಣು, ಕಲ್ಲಿನ ಧೂಳು ಮತ್ತು ಎದೆಯೊಳಗೆ ಸಾಯುವ ಒಂದು ಕೋಶ

ಕೋಲಾರ ಜಿಲ್ಲೆಯಲ್ಲಿ ಹಳೇ ಕೆಮ್ಮಿನ ಮಾತು ಬಂದರೆ ಎರಡು ವಿಷಯ ಜೊತೆಗೇ ಬರುತ್ತವೆ. ಒಂದು ಟಿಬಿ, ಇನ್ನೊಂದು ಕಲ್ಲಿನ ಧೂಳು. ಕೆಜಿಎಫ್ ಗಣಿಯ ಆಳದಲ್ಲಿ ಬಂಡೆ ಕೊರೆದವರು, ಈಗ ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುತ್ತಿರುವವರು, ಎಲ್ಲರೂ ಕುಡಿದಿದ್ದು ಈ ಧೂಳನ್ನೇ. ಧೂಳು ತುಂಬಿದ ಎದೆಗೆ ಟಿಬಿ ಬೇಗ ಹತ್ತುತ್ತದೆ ಅನ್ನೋದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಯಾಕೆ ಅನ್ನೋದು ಬಿಡಿಬಿಡಿಯಾಗಿ, ತುಂಬಾ ನಿಧಾನವಾಗಿ ಗೊತ್ತಾಯಿತು.

ಕಥೆ ಶುರುವಾಗೋದು 1882ರಲ್ಲಿ. ಆ ವರ್ಷ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಟಿಬಿಯ ರೋಗಾಣುವನ್ನು ಲೋಕಕ್ಕೆ ತೋರಿಸಿದರು. ಅದೇ ವರ್ಷ ಇಟಲಿಯ ಮೆಸಿನಾದಲ್ಲಿ ಇಲ್ಯಾ ಮೆಚ್ನಿಕಾಫ್, ಹೊರಗಿನಿಂದ ಬಂದದ್ದನ್ನು ನುಂಗಿಹಾಕುವ ಕೋಶಗಳನ್ನು ನಕ್ಷತ್ರಮೀನಿನ ಮರಿಗಳಲ್ಲಿ ಕಂಡರು. ನಮ್ಮ ಶ್ವಾಸಕೋಶದ ಗಾಳಿಚೀಲಗಳಲ್ಲೂ ಅಂಥ ಕೋಶಗಳಿವೆ, ಅವೇ ಮ್ಯಾಕ್ರೋಫೇಜ್. ಧೂಳಾಗಲಿ ರೋಗಾಣುವಾಗಲಿ, ಸಿಕ್ಕಿದ್ದನ್ನು ನುಂಗಿ ಅರಗಿಸೋದು ಅವುಗಳ ಕೆಲಸ. ಆದರೆ ಟಿಬಿ ರೋಗಾಣು ಅರಗುವುದಿಲ್ಲ. 1971ರಲ್ಲಿ ಲಂಡನ್ನಿನ ಆರ್ಮ್‌ಸ್ಟ್ರಾಂಗ್ ಮತ್ತು ಹಾರ್ಟ್ ಇದಕ್ಕೆ ಒಂದು ಕಾರಣ ತೋರಿಸಿದರು. ಕೋಶದೊಳಗೆ ನುಂಗಿದ್ದನ್ನು ತುಂಬಿಕೊಂಡ ಚೀಲಕ್ಕೆ ಅರಗಿಸುವ ರಸ ಬಂದು ಸೇರದ ಹಾಗೆ ರೋಗಾಣು ತಡೆಯುತ್ತದೆ, ಆಮೇಲೆ ಆ ಚೀಲದಲ್ಲೇ ಇದ್ದು ಬೆಳೆಯುತ್ತದೆ.

ಮರುವರ್ಷ, 1972ರಲ್ಲಿ, ಟಿಬಿಗೆ ಸಂಬಂಧವೇ ಇಲ್ಲ ಅನ್ನಿಸುವ ಒಂದು ಪ್ರಬಂಧ ಬಂತು. ಬರೆದವರು ಕೆರ್, ವೈಲಿ ಮತ್ತು ಕರ್ರಿ. ಕೋಶ ಸಾಯುವ ಒಂದು ಅಚ್ಚುಕಟ್ಟಾದ ದಾರಿಗೆ ಅವರು ಅಪೊಪ್ಟೋಸಿಸ್ ಅಂತ ಹೆಸರಿಟ್ಟರು. ಇಲ್ಲಿ ಕೋಶ ತನ್ನನ್ನೇ ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿಕೊಂಡು ಸಾಯುತ್ತದೆ, ಒಳಗಿನದು ಹೊರಗೆ ಚೆಲ್ಲುವುದಿಲ್ಲ, ಪಕ್ಕದ ಕೋಶ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ಇನ್ನೊಂದು ದಾರಿ ನೆಕ್ರೋಸಿಸ್. ಅದರಲ್ಲಿ ಹೊರಪೊರೆ ಹರಿದು ಒಳಗಿದ್ದದ್ದೆಲ್ಲ ಚೆಲ್ಲಿಹೋಗುತ್ತದೆ, ಸುತ್ತ ಊತ ಏಳುತ್ತದೆ.

ಎರಡೂ ಸಾವೇ ಅಲ್ವಾ, ವ್ಯತ್ಯಾಸ ಏನು? ಬಹಳ ಇದೆ. 1994ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಟಿಬಿ ರೋಗಾಣುವಿನ ಸಾಧು ಬಂಧುವಾದ ಬಿಸಿಜಿಯನ್ನು ಮನುಷ್ಯರ ರಕ್ತದ ಕೋಶಗಳಿಗೆ ಉಣಿಸಿ ನೋಡಿದರು. ಕೋಶ ಅಪೊಪ್ಟೋಸಿಸ್ ಆಗಿ ಸತ್ತಾಗ ಒಳಗಿನ ರೋಗಾಣುಗಳೂ ಸಾಯುತ್ತಿದ್ದವು. ನೆಕ್ರೋಸಿಸ್ ಆದಾಗ ಅವಕ್ಕೆ ಏನೂ ಆಗಲಿಲ್ಲ. ಅಂದರೆ ಅಚ್ಚುಕಟ್ಟಾಗಿ ಸಾಯೋದು ಸೋಲಲ್ಲ, ಅದೇ ಆ ಕೋಶದ ಕೊನೆಯ ಏಟು. ಇಡೀ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದೇ.

ಹಾಗಾದರೆ ರೋಗಾಣು ಸುಮ್ನೆ ಇರುತ್ತಾ? 2000ದಲ್ಲಿ ಬೋಸ್ಟನ್ನಿನ ತಂಡವೊಂದು ರೋಗ ತರುವ ತಳಿಗಳನ್ನೂ ಸಾಧು ತಳಿಗಳನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿತು. ಸಾಧು ತಳಿ ಹೊಕ್ಕರೆ ಮ್ಯಾಕ್ರೋಫೇಜ್‌ಗಳು ಅಪೊಪ್ಟೋಸಿಸ್ ಆಗಿ ಜಾಸ್ತಿ ಸಾಯುತ್ತವೆ, ಅಪಾಯದ ತಳಿ ಹೊಕ್ಕರೆ ಕಡಿಮೆ. 2007ರಲ್ಲಿ, ಅಪೊಪ್ಟೋಸಿಸ್ ಆಗದಂತೆ ತಡೆಯುವ ಕೆಲಸದಲ್ಲಿ ಪಾಲಿರುವ ರೋಗಾಣುವಿನ ಒಂದು ಜೀನ್ ಕೂಡ ಸಿಕ್ಕಿತು, ಹೆಸರು ನುಒಜಿ. ಅದನ್ನು ಕಿತ್ತುಹಾಕಿದ ರೋಗಾಣು ಇಲಿಗಳಲ್ಲಿ ಮೊದಲಿನಷ್ಟು ಹಾನಿ ಮಾಡಲಿಲ್ಲ.

ಮೊದಲು ಕೋಶವನ್ನು ಸಾಯದಂತೆ ತಡೆದು ಒಳಗೇ ಬೆಳೆಯೋದು, ಸಂಖ್ಯೆ ಹೆಚ್ಚಾದ ಮೇಲೆ ಅದನ್ನು ಹರಿದು ಹೊರಬರೋದು. ಇದು ಆ ರೋಗಾಣುವಿನ ದಾರಿ. ಹರಿಯೋದಕ್ಕೆ ಅದರ ಬಳಿ ಹತ್ಯಾರುಗಳೂ ಇವೆ. ಚೀಲಕ್ಕೆ ಹಾನಿ ಮಾಡಿ ಹೊರಬರಲು ಇಸ್ಯಾಟ್-6 ಎಂಬ ಪ್ರೋಟೀನನ್ನು ಹೊರಹಾಕುವ ವ್ಯವಸ್ಥೆ ಬೇಕು. ಬಿಸಿಜಿ ಲಸಿಕೆಯ ತಳಿಯನ್ನು ಕಾಲ್ಮೆಟ್ ಮತ್ತು ಗೆರಾನ್ 13 ವರ್ಷ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ ಸಾಧು ಮಾಡಿದರಲ್ಲ, ಆಗ ಅದು ಕಳೆದುಕೊಂಡ ಜೀನ್‌ಗಳಲ್ಲಿ ಇದೂ ಸೇರಿದೆ. ಇನ್ನೊಂದು ವಿಷ ಟಿಎನ್‌ಟಿ. ಕೋಶಕ್ಕೆ ಶಕ್ತಿ ಉತ್ಪಾದಿಸಲು ಬೇಕಾದ ಎನ್‌ಎಡಿ ಎಂಬ ಅಣುವನ್ನೇ ಅದು ಒಡೆದುಹಾಕುತ್ತದೆ ಅಂತ 2015ರಲ್ಲಿ ಗೊತ್ತಾಯಿತು.

ಆಮೇಲೆ ನಡೆಯೋದು ಇನ್ನೂ ಕೆಟ್ಟದ್ದು. 2017ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನ ಸಂಶೋಧಕರು ಸೂಕ್ಷ್ಮದರ್ಶಕದಡಿ ಕೋಶಗಳನ್ನು ಬಿಡದೆ ಗಮನಿಸಿದರು. ಸತ್ತ ಮ್ಯಾಕ್ರೋಫೇಜ್‌ನಲ್ಲಿ ರೋಗಾಣುಗಳು ಜೋರಾಗಿ ಬೆಳೆದು ಗುಂಪುಗಟ್ಟುತ್ತವೆ, ಅದನ್ನು ಎತ್ತಿಕೊಳ್ಳಲು ಬಂದ ಮತ್ತೊಂದು ಮ್ಯಾಕ್ರೋಫೇಜ್ ಆ ಗುಂಪನ್ನೇ ನುಂಗಿ ಸಾಯುತ್ತದೆ, ಅದರಿಂದ ಇನ್ನೊಂದು.

ಇದನ್ನು ಓದುವಾಗ ನನಗೆ ನೆನಪಾಗಿದ್ದು ಕೆಜಿಎಫ್. ಏಕೆಂದರೆ ಕಲ್ಲಿನ ಧೂಳಿನ ಬಗ್ಗೆ 1966ರಲ್ಲೇ ಆಲಿಸನ್ ಮತ್ತವರ ಜೊತೆಗಾರರು ಹೆಚ್ಚುಕಡಿಮೆ ಇದೇ ಕಥೆ ಹೇಳಿದ್ದರು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕಣವನ್ನು ಮ್ಯಾಕ್ರೋಫೇಜ್ ನುಂಗುತ್ತದೆ. ಕಣ ಅರಗುವುದಿಲ್ಲ, ಬದಲಿಗೆ ಅರಗಿಸುವ ರಸದ ಚೀಲವನ್ನೇ ತೂತು ಮಾಡುತ್ತದೆ. ಕೋಶ ಸತ್ತು ಕಣ ಹಾಗೇ ಹೊರಬೀಳುತ್ತದೆ, ಮತ್ತೊಂದು ಕೋಶ ಅದನ್ನು ನುಂಗುತ್ತದೆ. ಒಂದೇ ಎದೆಯಲ್ಲಿ ಒಂದೇ ಬಗೆಯ ಕೋಶವನ್ನು ಎರಡೂ ಕಡೆಯಿಂದ ಕೊಲ್ಲುತ್ತಿದ್ದರೆ ಟಿಬಿಯನ್ನು ತಡೆಯುವವರು ಯಾರು?

ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆಗೆ ಒಂದು ಸಣ್ಣ ಡಬ್ಬಿ ಕೊಡುತ್ತಾರೆ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉಗುಳಲ್ಲ, ಎದೆಯಾಳದಿಂದ ಕೆಮ್ಮಿ ಕಫ ತೆಗೆಯಿರಿ ಅಂತಾರೆ. ಬಣ್ಣ ಹಾಕಿದ ಗಾಜಿನ ಪಟ್ಟಿಯ ಮೇಲೆ, ನೀಲಿಯ ನಡುವೆ ಕೆಂಪು ಕಡ್ಡಿಗಳಾಗಿ ಕಾಣೋದೇ ಟಿಬಿ ರೋಗಾಣು. ಶ್ವಾಸಕೋಶದಲ್ಲಿ ಸತ್ತ ಕೋಶಗಳ ರಾಶಿ ಗಿಣ್ಣಿನಂತೆ ಮೆತ್ತಗಾಗಿ, ಕರಗಿ, ಗಾಳಿಕೊಳವೆಗೆ ದಾರಿಯಾದ ಮೇಲೆ ಅವು ಕಫದಲ್ಲಿ ತುಂಬಿ ಬರುತ್ತವೆ, ಮನೆಯವರಿಗೂ ಹರಡುತ್ತವೆ. ಕೋಶ ಹರಿದು ಸಾಯೋದರಿಂದ ರೋಗಾಣುವಿಗೆ ಸಿಗುವ ಲಾಭ ಇದು.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಎದೆಗೆ ಹೋದ ಧೂಳು ಮಾತ್ರ ಎಲ್ಲೂ ಹೋಗಿಲ್ಲ. ಧೂಳಿನ ಕೆಲಸ ಬಿಟ್ಟ ಮೇಲೂ ಟಿಬಿಯ ಅಪಾಯ ಉಳಿಯುತ್ತದೆ ಅಂತ ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರ ಮೇಲೆ ನಡೆದ ಅಧ್ಯಯನ 1998ರಲ್ಲೇ ಹೇಳಿದೆ. ಹಾಗಾಗಿ ಕೆಮ್ಮು ಅಂತ ಬಂದವರ ಚೀಟಿಯಲ್ಲಿ ವಯಸ್ಸಿನ ಜೊತೆ ಹಿಂದೆ ಮಾಡಿದ ಕೆಲಸವನ್ನೂ ಕೇಳಿ ಬರೆಯಬೇಕು. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಕ್ರಷರ್‌ಗಳಲ್ಲಿ ನೀರು ಹಾಯಿಸದೆ ಒಣ ಕಲ್ಲು ಒಡೆಸೋದು ನಿಲ್ಲಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕು ಅಂತ ಕೆಲಸದವರಿಗೆ ಹೇಳುವ ಮಾಲೀಕರಿಗೆ ಒಂದು ಮಾತು: ಗಾಳಿಚೀಲದ ತನಕ ಇಳಿಯುವಷ್ಟು ಸಣ್ಣ ಕಣ ಟವೆಲ್ಲಿಗೆ ನಿಲ್ಲಲ್ಲ.