ಆ ತೂತಿಗೆ ಹೆಬ್ಬೆರಳು ಸಾಕಿತ್ತು

ಬಾಹ್ಯಾಕಾಶದ ಕಥೆಯಿರುವ ಧಾರಾವಾಹಿಯ ಹೊಸ ಸಂಚಿಕೆ ಬಂತೆಂದರೆ, ಮರುದಿನ ವಿಜಯಪುರದ ಹಾಸ್ಟೆಲುಗಳಲ್ಲಿ, ಚಹಾದಂಗಡಿಗಳ ಮುಂದೆ ನೋಡಿದವರಲ್ಲಿ ಎರಡು ಪಕ್ಷವಾಗುತ್ತದೆ. ಒಂದು ಪಕ್ಷಕ್ಕೆ ತೋರಿಸಿದ್ದೆಲ್ಲ ಖರೆ, ಇನ್ನೊಂದಕ್ಕೆ ಎಲ್ಲವೂ ಸುಳ್ಳು. "ಅಷ್ಟ ಸಣ್ಣ ತೂತಿನ್ಯಾಗಿಂದ ಮನಶ್ಯಾನ್ನ ಹೊರಗ ಎಳೀತದೇನೋ?" ಎಂದು ಒಬ್ಬ ಕೇಳುತ್ತಾನೆ. "ಹೆಲ್ಮೆಟ್ ಇಲ್ದ ಹೊರಗ ಹ್ವಾದ್ರ ರಕ್ತ ಕುದ್ದು ಫಟ್ ಅಂತ ಒಡೀತಾನ, ಇಂವ ಹೆಂಗ ಬದುಕಿದ?" ಎಂದು ಇನ್ನೊಬ್ಬ. ಇದು ಬಹಳ ಒಳ್ಳೆಯ ಜಗಳ. ಆದರೆ "ಆಗ್ತದ, ಆಗಂಗಿಲ್ಲ" ಎಂಬಲ್ಲೇ ಸುತ್ತುತ್ತಿದ್ದರೆ ರಾತ್ರಿಯಿಡೀ ಕೂತರೂ ಬಗೆಹರಿಯುವುದಿಲ್ಲ. ತೂತು ಎಷ್ಟು ದೊಡ್ಡದು, ಕೋಣೆ ಎಷ್ಟು ದೊಡ್ಡದು, ಎಷ್ಟು ಸೆಕೆಂಡು ಎಂದು ಕೇಳಿದ ಕೂಡಲೇ ದಾರಿ ಕಾಣುತ್ತದೆ. ಹಾಗೆ ಕೇಳಿದಾಗ ಜನ ನಕ್ಕು ತಳ್ಳಿಹಾಕಿದ ದೃಶ್ಯ ಸರಿಯೆಂದೂ, ಉಸಿರು ಬಿಗಿಹಿಡಿದು ನೋಡಿದ ದೃಶ್ಯ ತಪ್ಪೆಂದೂ ತಿಳಿಯುವುದುಂಟು.

ಮೊದಲು ತೂತಿನ ಲೆಕ್ಕ. ನೌಕೆಗೆ ಕಲ್ಲೊಂದು ಬಡಿದು ಬೆರಳುಗಾತ್ರದ ತೂತಾಗುತ್ತದೆ. ಗಾಳಿ ಬಿರುಗಾಳಿಯಂತೆ ನುಗ್ಗಿ, ಒಳಗಿದ್ದವರು ಕುರ್ಚಿ ಹಿಡಿದು ಜೋತಾಡುತ್ತಾರೆ. ಒಳಗೆ ನಮ್ಮ ಗಾಳಿ, ಹೊರಗೆ ನಿರ್ವಾತ (ಗಾಳಿಯೇ ಇಲ್ಲದ ಜಾಗ) ಇದ್ದಾಗ ಒಂದು ಸೆಕೆಂಡಿಗೆ ಎಷ್ಟು ಗಾಳಿ ಹೋಗುತ್ತದೆ ಎಂದು ಅಂದಾಜಿಸಲು ತೂತಿನ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಹಿಡಿದು 200ರಿಂದ ಗುಣಿಸಿದರೆ ಸಾಕು. ಉತ್ತರ ಘನ ಮೀಟರಿನಲ್ಲಿ ಬರುತ್ತದೆ. ಗಾಳಿ ತೂತಿನ ಬಾಯಲ್ಲಿ ಶಬ್ದದ ವೇಗಕ್ಕಿಂತ ಜೋರಾಗಿ ಹೋಗಲಾರದು, ಅಲ್ಲಿಗೆ ಬರುವಷ್ಟರಲ್ಲಿ ತೆಳುವೂ ಆಗಿರುತ್ತದೆ. ಆದ್ದರಿಂದ ಈ 200. ತೂತಿನ ಅಡ್ಡಳತೆ 1 ಸೆಂಟಿಮೀಟರ್, ಕೋಣೆ 100 ಘನ ಮೀಟರ್ ಎಂದುಕೊಳ್ಳೋಣ. ಸೆಕೆಂಡಿಗೆ ಹೋಗುವುದು ಸುಮಾರು 16 ಲೀಟರ್. ಒಳಗಿನ ಒತ್ತಡ ಅರ್ಧಕ್ಕಿಳಿಯಲು ಒಂದು ಗಂಟೆಗಿಂತ ಹೆಚ್ಚು, ಹತ್ತಿರ ಹತ್ತಿರ 73 ನಿಮಿಷ ಬೇಕು. ಆ ತೂತಿನ ಮೇಲೆ ಹೆಬ್ಬೆರಳಿಟ್ಟರೆ ಬೆರಳಿನ ಮೇಲೆ ಬೀಳುವ ಭಾರ ಸುಮಾರು 800 ಗ್ರಾಂ. ಚರ್ಮ ಸ್ವಲ್ಪ ಉಬ್ಬೀತು, ಕೆಂಪಾದೀತು, ಅಷ್ಟೇ.

ಇದು ಬರೀ ಕಾಗದದ ಲೆಕ್ಕವಲ್ಲ. 2018ರ ಆಗಸ್ಟ್ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಅಂಟಿಕೊಂಡಿದ್ದ ರಷ್ಯಾದ ಸೊಯುಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರಿನ ತೂತು ಸಿಕ್ಕಿತು. ನಿಲ್ದಾಣದೊಳಗಿನ ಜಾಗ 900 ಘನ ಮೀಟರಿಗೂ ಹೆಚ್ಚು. ನಮ್ಮ ಸೂತ್ರ ಹಾಕಿ ನೋಡಿ: ಸೆಕೆಂಡಿಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು. ಒತ್ತಡ ಅರ್ಧಕ್ಕಿಳಿಯಲು ಹನ್ನೊಂದು ದಿನದ ಮೇಲೆ ಹಿಡಿಯುತ್ತಿತ್ತು. ಸಿಬ್ಬಂದಿ ಮೊದಲು ಟೇಪು ಹಚ್ಚಿದರು, ಆಮೇಲೆ ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಬಟ್ಟೆ ತುರುಕಿ ಮುಚ್ಚಿದರು.

ಹಾಗಾದರೆ ಎಳೆದೊಯ್ಯುವ ದೃಶ್ಯ ಯಾವಾಗಲೂ ಸುಳ್ಳೇ? ಅಲ್ಲ, ಮತ್ತು ನಗುವ ಪಕ್ಷ ಎಡವುವುದು ಇಲ್ಲೇ. ತೂತಿನ ಅಡ್ಡಳತೆ ಹತ್ತು ಪಟ್ಟಾದರೆ ಗಾಳಿ ನೂರು ಪಟ್ಟು ಹೋಗುತ್ತದೆ. 10 ಸೆಂಟಿಮೀಟರಿನ ತೂತಾದರೆ ಅದೇ ಕೋಣೆ 44 ಸೆಕೆಂಡಿನಲ್ಲಿ ಅರ್ಧ ಖಾಲಿ. ಅಷ್ಟಾದರೂ ತೂತಿನಿಂದ ಒಂದು ಮೀಟರ್ ದೂರ ನಿಂತವನಿಗೆ ತಾಗುವ ಗಾಳಿ ಸೆಕೆಂಡಿಗೆ ಕಾಲು ಮೀಟರ್ ಮಾತ್ರ. ಮೇಲೆ ತಿರುಗುವ ಫ್ಯಾನಿನ ಗಾಳಿ ಅದಕ್ಕಿಂತ ಜೋರು. ಆದರೆ ಅದರ ಮೇಲೆ ಎರಡೂ ಅಂಗೈ ಇಟ್ಟು ಮುಚ್ಚಲು ಹೋದರೆ 80 ಕಿಲೋ ಭಾರ ಬಿದ್ದು ಕೈ ಸಿಕ್ಕಿಕೊಳ್ಳುತ್ತದೆ. ಇನ್ನು ಅರ್ಧ ಮೀಟರ್ ಚೌಕದ ಕಿಟಕಿ ಪೂರ್ತಿ ಕಿತ್ತುಹೋದರೆ ಸೆಕೆಂಡಿಗೆ 50 ಘನ ಮೀಟರ್ ಹೊರಟು ಎರಡೇ ಸೆಕೆಂಡಿನಲ್ಲಿ ಕೋಣೆಯ ಬಹುಪಾಲು ಗಾಳಿ ಮುಗಿಯುತ್ತದೆ. ಆಗ ಎಳೆತವೂ ಖರೆ, ಅಪಾಯವೂ ಖರೆ. ಅದಕ್ಕೇ ದೃಶ್ಯವನ್ನು ನಿಲ್ಲಿಸಿ, ತೂತಿನ ಪಕ್ಕದಲ್ಲಿ ಯಾರದಾದರೂ ಕೈಯೋ ತಲೆಯೋ ಕಾಣುವ ಚೌಕಟ್ಟನ್ನು ಹುಡುಕಬೇಕು. ವಯಸ್ಕರ ಅಂಗೈ ಅಗಲ 8 ಸೆಂಟಿಮೀಟರಿನ ಆಸುಪಾಸು, ಅದೇ ಅಳತೆಪಟ್ಟಿ.

ಈಗ ರಕ್ತ ಕುದಿಯುವ ಮಾತು. ನೀರು ಕುದಿಯುವುದಕ್ಕೆ ಬಿಸಿಯಷ್ಟೇ ಕಾರಣವಲ್ಲ, ಮೇಲಿನ ಗಾಳಿಯ ಒತ್ತಡವೂ ಸೇರಿ ಅದನ್ನು ನಿರ್ಧರಿಸುತ್ತದೆ. ಸುಮಾರು 600 ಮೀಟರ್ ಎತ್ತರದಲ್ಲಿರುವ ವಿಜಯಪುರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ, ಇನ್ನೂ ಎತ್ತರದ ಬೆಳಗಾವಿಯಲ್ಲಿ 97.5ರ ಹತ್ತಿರ. ಹೀಗೆ ಏರುತ್ತಾ ಹೋದರೆ ಸುಮಾರು 19 ಕಿಲೋಮೀಟರ್ ಎತ್ತರದಲ್ಲಿ, ಒತ್ತಡ 6.3 ಕಿಲೋಪಾಸ್ಕಲ್‌ಗೆ, ಅಂದರೆ ಸಮುದ್ರಮಟ್ಟದಲ್ಲಿರುವುದರ ಸುಮಾರು ಹದಿನಾರನೇ ಒಂದು ಭಾಗಕ್ಕೆ ಇಳಿದಾಗ, ನಮ್ಮ ಮೈಬಿಸಿಗೇ ನೀರು ಕುದಿಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಸೂಜಿಯಿಲ್ಲದ 20 ಮಿಲಿಲೀಟರಿನ ಹೊಸ ಸಿರಿಂಜು ತನ್ನಿ. ನೀರನ್ನು ಐದಾರು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿಟ್ಟು 50 ಡಿಗ್ರಿಗೆ ಆರಲು ಬಿಡಿ. 5 ಮಿಲಿಲೀಟರ್ ಎಳೆದುಕೊಂಡು, ಮೂತಿ ಮೇಲೆ ಮಾಡಿ, ತಟ್ಟಿ ತಟ್ಟಿ ಒಳಗಿನ ಗಾಳಿಯನ್ನೆಲ್ಲ ಹೊರಗೆ ಹಾಕಿ. ಮೂತಿಯನ್ನು ರಬ್ಬರ್ ಮುಚ್ಚಳದಿಂದ ಬಿಗಿಯಾಗಿ ಮುಚ್ಚಿ ಹಿಂದಿನ ದಂಡವನ್ನು 20ರ ಗೆರೆವರೆಗೆ ಎಳೆಯಿರಿ. ಸುಮಾರು 3 ಕಿಲೋ ಎಳೆತ ಬೇಕಾಗುತ್ತದೆ. ಅದು ಹೊರಗಿನ ಗಾಳಿ ದಂಡವನ್ನು ಒಳಕ್ಕೆ ಒತ್ತುವ ಬಲ. ಒಳಗೆ ನೀರು ಗುಳುಗುಳು ಕುದಿಯುತ್ತದೆ. ಹೆಚ್ಚಿನವರ ಪ್ರಯೋಗ ಕೆಡುವುದು ನೀರನ್ನು ಮೊದಲು ಕುದಿಸದೆ ಇದ್ದಾಗ. ಹಸಿ ನೀರಿನಲ್ಲಿ ಕರಗಿದ ಗಾಳಿ ಇರುತ್ತದೆ. ಎಳೆದಾಗ ಅದೇ ಗುಳ್ಳೆಯಾಗಿ ಬಂದು ಕುದಿತದಂತೆ ಕಾಣುತ್ತದೆ. ಯಾವುದು ಯಾವುದೆಂದು ತಿಳಿಯಲು ದಂಡವನ್ನು ಮೆಲ್ಲಗೆ ಬಿಡಿ. ಹಬೆಯ ಗುಳ್ಳೆ ಪೂರ್ತಿ ಮಾಯವಾಗುತ್ತದೆ, ಗಾಳಿಯದ್ದು ಸಣ್ಣದಾಗಿ ಉಳಿದುಕೊಳ್ಳುತ್ತದೆ. ಏನೂ ಕುದಿಯದೆ ದಂಡ ಸಲೀಸಾಗಿ ಹಿಂದೆ ಬಂದರೆ ಮೂತಿಯಲ್ಲಿ ಸೋರಿಕೆ ಇದೆಯೆಂದು ತಿಳಿಯಿರಿ. ಮಕ್ಕಳು ಮಾಡುವುದಾದರೆ ದೊಡ್ಡವರು ಜೊತೆಗಿರಲಿ, 50 ಡಿಗ್ರಿಗಿಂತ ಬಿಸಿ ನೀರು ಬೇಡ.

ಹಾಗಾದರೆ ರಕ್ತ ಕುದಿಯಬೇಕಲ್ಲ? ಇಲ್ಲ. ರಕ್ತ ತೆರೆದ ಪಾತ್ರೆಯಲ್ಲಿಲ್ಲ. ರಕ್ತನಾಳದ ಗೋಡೆ ಅದನ್ನು ಒತ್ತಿ ಹಿಡಿದಿರುತ್ತದೆ. ಕುದಿಯುವುದು ನಾಲಿಗೆಯ ಮೇಲಿನ ಎಂಜಲು, ಕಣ್ಣಿನ ಪಸೆ. 1966ರ ಡಿಸೆಂಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ನಾಸಾದ ಜಿಮ್ ಲೆಬ್ಲಾಂಕ್ ನಿರ್ವಾತ ಕೋಣೆಯೊಳಗೆ ಅಂತರಿಕ್ಷ ಉಡುಪನ್ನು ಪರೀಕ್ಷಿಸುತ್ತಿದ್ದಾಗ ಗಾಳಿಯ ಕೊಳವೆ ಕಳಚಿತು. ಸುಮಾರು 14 ಸೆಕೆಂಡು ಅವರಿಗೆ ಎಚ್ಚರವಿತ್ತು. ಕೊನೆಗೆ ನೆನಪಿದ್ದದ್ದು ನಾಲಿಗೆಯ ಮೇಲೆ ಎಂಜಲು ಗುಳ್ಳೆಯೇಳುತ್ತಿದ್ದ ಅನುಭವ. ಕೋಣೆಗೆ ಕೂಡಲೇ ಗಾಳಿ ತುಂಬಿದರು, ಅವರು ಬದುಕಿದರು. 1960ರಲ್ಲಿ ಬಲೂನಿನಲ್ಲಿ 31 ಕಿಲೋಮೀಟರ್ ಏರಿದ ಜೋ ಕಿಟಿಂಜರ್ ಅವರ ಬಲಗೈ ಗವಸು ಒತ್ತಡ ಕಳೆದುಕೊಂಡು ಕೈ ಊದಿಕೊಂಡಿತ್ತು, ನೆಲಕ್ಕೆ ಬಂದ ಮೇಲೆ ಸರಿಹೋಯಿತು. ಮೈ ಊದುತ್ತದೆ, ಒಡೆಯುವುದಿಲ್ಲ. ಕೊಲ್ಲುವುದು ಆಮ್ಲಜನಕದ ಕೊರತೆ. 1971ರಲ್ಲಿ ಸೊಯುಜ್ 11 ಮರಳುವಾಗ ಕವಾಟವೊಂದು ತೆರೆದುಕೊಂಡು ಮೂವರು ಯಾತ್ರಿಗಳು ತೀರಿಹೋದರು. ಅವರ ಮೈಮೇಲೆ ಒತ್ತಡದ ಉಡುಪು ಇರಲಿಲ್ಲ.

ಆದ್ದರಿಂದ ನಾಯಕ ಹೆಲ್ಮೆಟ್ ಇಲ್ಲದೆ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಎಂಟು ಸೆಕೆಂಡಿನಲ್ಲಿ ದಾಟಿದರೆ ಆ ದೃಶ್ಯಕ್ಕೆ ನಗಬೇಕಿಲ್ಲ. ನೋಡಬೇಕಾದ್ದು ಅವನ ಬಾಯಿ. ಉಸಿರು ಹಿಡಿದು ಕೆನ್ನೆ ಉಬ್ಬಿಸಿಕೊಂಡು ಹಾರಿದರೆ ತಪ್ಪು: ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಬಾಯಿ ತೆರೆದು ಉಸಿರು ಬಿಟ್ಟು ಹಾರಬೇಕು. ಇನ್ನೊಂದು ತಪ್ಪು, ಹೊರಬಿದ್ದ ಕೂಡಲೇ ಮೈಮೇಲೆ ಹಿಮ ಕಟ್ಟುವುದು. ನಿರ್ವಾತದಲ್ಲಿ ಬಿಸಿಯನ್ನು ಕದಿಯಲು ಗಾಳಿಯೇ ಇಲ್ಲ. ಮೈ ಬಿಸಿ ಕಳೆದುಕೊಳ್ಳುವುದು ಮುಖ್ಯವಾಗಿ ವಿಕಿರಣದಿಂದ (ಬೆಂಕಿಯ ಬಿಸಿ ದೂರದಿಂದಲೇ ತಾಗುವ ಹಾಗೆ), ಅದು ಹೆಚ್ಚೆಂದರೆ 850 ವಾಟ್. 70 ಕಿಲೋ ತೂಕದ ಮೈ 1 ಡಿಗ್ರಿ ತಣಿಯಲು ಸುಮಾರು ಐದು ನಿಮಿಷ ಹಿಡಿಯುತ್ತದೆ. ಒದ್ದೆಯಿರುವ ಬಾಯಿ, ಮೂಗು, ಕಣ್ಣು ಮಾತ್ರ ಬೇಗ ತಣ್ಣಗಾಗುತ್ತವೆ.

ಶಬ್ದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೋಲಗುಮ್ಮಟದ ಗ್ಯಾಲರಿಯಲ್ಲಿ 38 ಮೀಟರ್ ಆಚೆ ಪಿಸುಮಾತು ಕೇಳುವುದು ದುಂಡು ಗೋಡೆಯ ಗುಂಟ ಗಾಳಿ ಅದನ್ನು ಒಯ್ಯುವುದರಿಂದ. ಗಾಳಿ ತೆಗೆದರೆ ಗೋಡೆ ಎಷ್ಟೇ ನುಣುಪಿದ್ದರೂ ಪ್ರಯೋಜನವಿಲ್ಲ. ದೂರದ ನೌಕೆಯ ಸ್ಫೋಟ ಕೇಳಿಸದು. ಆದರೆ ಅದರ ಚೂರು ನಮ್ಮ ನೌಕೆಗೆ ಬಡಿದರೆ ಒಳಗಿದ್ದವರಿಗೆ ಚೆನ್ನಾಗಿ ಕೇಳುತ್ತದೆ, ಏಕೆಂದರೆ ಲೋಹ ಶಬ್ದವನ್ನು ಗಾಳಿಗಿಂತ ಹತ್ತು ಪಟ್ಟಿಗೂ ಬೇಗ ಒಯ್ಯುತ್ತದೆ. ಇಬ್ಬರು ಯಾತ್ರಿಗಳು ಹೆಲ್ಮೆಟ್‌ಗೆ ಹೆಲ್ಮೆಟ್ ತಾಗಿಸಿದರೆ ರೇಡಿಯೋ ಇಲ್ಲದೆಯೂ ಮಾತಾಡಬಹುದು.

ಹೆಚ್ಚು ರಸವಿರುವುದು ತಿರುಗುವ ನೌಕೆಯಲ್ಲಿ. ದುಂಡು ನೌಕೆ ಸುತ್ತುತ್ತಿರುತ್ತದೆ, ಜನ ಅದರ ಒಳಗೋಡೆಯ ಮೇಲೆ ನಮ್ಮ ಹಾಗೇ ನಡೆಯುತ್ತಾರೆ. ಸುತ್ತುವಾಗ ಗೋಡೆಯೇ ಅವರನ್ನು ಒತ್ತಿ ಹಿಡಿಯುವುದರಿಂದ ಇದು ನಿಜವಾಗಿ ಆಗುವ ಸಂಗತಿ, ಆದರೆ ಗಾತ್ರ ಮತ್ತು ವೇಗ ಹೊಂದಬೇಕು. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಒಂದು ಸುತ್ತಿಗೆ ಎಷ್ಟು ಸೆಕೆಂಡು ಎಂದು ಅಳೆಯಿರಿ. ನಡುಗಂಬದಿಂದ ನೆಲದವರೆಗಿನ ತ್ರಿಜ್ಯವನ್ನು ನಿಂತ ಮನುಷ್ಯನ ಎತ್ತರದಿಂದ (1.7 ಮೀಟರ್) ಅಂದಾಜಿಸಿ. ಆಮೇಲೆ ತ್ರಿಜ್ಯವನ್ನು 39.5ರಿಂದ ಗುಣಿಸಿ, ಸೆಕೆಂಡಿನ ವರ್ಗದಿಂದ ಭಾಗಿಸಿ. ಉತ್ತರ ಭೂಮಿಯ ಎಳೆತದ ಅಳತೆಯಾದ 9.8ರ ಹತ್ತಿರ ಬಂದರೆ ತೂಕ ಭೂಮಿಯ ಹಾಗೆ. ತ್ರಿಜ್ಯ 30 ಮೀಟರ್, ಸುತ್ತು 20 ಸೆಕೆಂಡು ಆದರೆ 3 ಮಾತ್ರ ಬರುತ್ತದೆ, ಮಂಗಳನ 3.7ಕ್ಕಿಂತ ಕಡಿಮೆ. ಅಂಥಲ್ಲಿ ಜನ ಕುಪ್ಪಳಿಸುತ್ತಾ ನಡೆಯಬೇಕು. ಸೂತ್ರದ ಮೇಲೆ ನಂಬಿಕೆ ಬರದಿದ್ದರೆ ಹಗ್ಗ ಕಟ್ಟಿದ ಅರ್ಧ ಬಕೆಟ್ ನೀರನ್ನು ಬಯಲಲ್ಲಿ ಮೇಲಿನಿಂದ ಕೆಳಗೆ ತಿರುಗಿಸಿ. ಭುಜದಿಂದ ನೀರಿನವರೆಗೆ 1 ಮೀಟರ್ ಇದ್ದರೆ ಸುತ್ತಿಗೆ 2 ಸೆಕೆಂಡಿಗಿಂತ ನಿಧಾನವಾದ ಕೂಡಲೇ ನೀರು ತಲೆಯ ಮೇಲೆ. ಸ್ಟಾಪ್‌ವಾಚ್ ಹಿಡಿಯುವಾಗ ಒಂದು ಎಚ್ಚರ: ನಡುವೆ ದೃಶ್ಯ ಕತ್ತರಿಸಿರಬಾರದು, ನಿಧಾನಗತಿಯ ದೃಶ್ಯವಾಗಿರಬಾರದು. ಸೆಕೆಂಡನ್ನು ವರ್ಗ ಮಾಡುವುದರಿಂದ ಅಳತೆಯಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಉತ್ತರ ಇಪ್ಪತ್ತರಷ್ಟು ತಪ್ಪುತ್ತದೆ.

ಈ ಲೆಕ್ಕವನ್ನು ಗೋಲಗುಮ್ಮಟಕ್ಕೇ ಹಾಕೋಣ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ತ್ರಿಜ್ಯ 19. ಅಷ್ಟು ದೊಡ್ಡ ನೌಕೆಯಲ್ಲಿ ಭೂಮಿಯ ತೂಕ ಬರಬೇಕಾದರೆ 8.75 ಸೆಕೆಂಡಿಗೊಂದು ಸುತ್ತು, ಅಂದರೆ ನಿಮಿಷಕ್ಕೆ ಸುಮಾರು 7 ಸುತ್ತು ಬೇಕು. ಅಂಚಿನ ವೇಗ ಗಂಟೆಗೆ 49 ಕಿಲೋಮೀಟರ್. ಅಲ್ಲಿ ನಿಂತವನ ತಲೆಗೆ ಕಾಲಿಗಿಂತ ನೂರಕ್ಕೆ 9ರಷ್ಟು ಕಡಿಮೆ ಎಳೆತ. ತಲೆ ಫಕ್ಕನೆ ತಿರುಗಿಸಿದರೆ ವಾಕರಿಕೆ. ಹೆಚ್ಚಿನವರಿಗೆ ತೊಂದರೆಯಾಗದ ವೇಗ ನಿಮಿಷಕ್ಕೆ 2 ಸುತ್ತಿನ ಆಸುಪಾಸು, ಅದಕ್ಕೆ ತ್ರಿಜ್ಯ 224 ಮೀಟರ್ ಇರಬೇಕು. ಅಂದರೆ ಹತ್ತಿರ ಅರ್ಧ ಕಿಲೋಮೀಟರ್ ಅಡ್ಡಳತೆಯ ಚಕ್ರ. ಇನ್ನೂ ಸುಲಭದ ಪರೀಕ್ಷೆಯೆಂದರೆ ಪಾತ್ರಧಾರಿ ಕೈಯಿಂದ ಬೀಳಿಸುವ ಪೆನ್ನು. ಗುಮ್ಮಟದಷ್ಟೇ ದೊಡ್ಡ ನೌಕೆಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ ಬಿಟ್ಟ ಪೆನ್ನು ಕಾಲಬುಡದಲ್ಲಿ ಬೀಳದೆ, ತಿರುಗುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ 43 ಸೆಂಟಿಮೀಟರ್ ಸರಿದು ಬೀಳುತ್ತದೆ. 224 ಮೀಟರಿನದ್ದರಲ್ಲೂ 12 ಸೆಂಟಿಮೀಟರ್ ಸರಿಯುತ್ತದೆ. ನೆಟ್ಟಗೆ ಬಿದ್ದರೆ ಅದು ಭೂಮಿಯ ಮೇಲಿನ ಸೆಟ್ಟು. ಕಥೆ ಬರೆಯುವವರು ಇದನ್ನೊಂದು ನೆನಪಿಟ್ಟು ಚಹಾ ಸುರಿಯುವ ದೃಶ್ಯದಲ್ಲಿ ಧಾರೆಯನ್ನು ಸ್ವಲ್ಪ ಬಾಗಿಸಿದರೆ, ಅವರ ಕೆಲಸದ ಬಗ್ಗೆ ಗೌರವ ಹುಟ್ಟುತ್ತದೆ.

ಕೊನೆಯದು ಮಾತುಕತೆ, ಮತ್ತು ಹೆಚ್ಚು ಜನ ಗಮನಿಸದೆ ಬಿಡುವುದು ಇದನ್ನೇ. ಮಂಗಳದಲ್ಲಿರುವ ಮಗಳು ಭೂಮಿಯ ಅಪ್ಪನ ಜೊತೆ ಎದುರುಬದುರು ಕೂತಂತೆ ಮಾತಾಡುತ್ತಾಳೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಚಂದ್ರನಿಗೆ ಒಂದೂಕಾಲು ಸೆಕೆಂಡು, ಮಂಗಳಕ್ಕೆ ಅದು ಹತ್ತಿರವಿದ್ದಾಗ 3 ನಿಮಿಷ, ದೂರವಿದ್ದಾಗ 22 ನಿಮಿಷ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಸುದ್ದಿ ಇಲ್ಲಿಗೆ ಮುಟ್ಟಲು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಎಂಜಿನು ಉರಿದದ್ದು ಸುಮಾರು 23 ನಿಮಿಷ. ಏನಾದರೂ ಕೆಟ್ಟಿದ್ದರೆ ಅದು ಇಲ್ಲಿ ತಿಳಿದು, ತಿದ್ದುವ ಆಜ್ಞೆ ಅಲ್ಲಿಗೆ ತಲುಪುವಷ್ಟರಲ್ಲಿ 25 ನಿಮಿಷ ಕಳೆದು ಎಲ್ಲ ಮುಗಿದಿರುತ್ತಿತ್ತು. ಅದಕ್ಕೇ ಆಜ್ಞೆಗಳನ್ನೆಲ್ಲ ಮೊದಲೇ ನೌಕೆಗೆ ತುಂಬಿಸಿಟ್ಟಿದ್ದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ 3 ಇಳಿಯುವಾಗಲೂ ಲ್ಯಾಂಡರು ತನ್ನ ನಿರ್ಧಾರ ತಾನೇ ಮಾಡಿತು. ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಪರದೆ ನೋಡುತ್ತಾ ಸುಮ್ಮನೆ ಕೂತಿದ್ದರು. ಧಾರಾವಾಹಿಯಲ್ಲಿ ಮುಖ್ಯಸ್ಥರು ಎದ್ದು ನಿಂತು "ಎಡಕ್ಕೆ ತಿರುಗಿಸಿ" ಎಂದು ಕೂಗುವುದಕ್ಕಿಂತ ಆ ಸುಮ್ಮನೆ ಕೂತದ್ದೇ ಹೆಚ್ಚು ಎದೆ ಬಡಿಸುವಂಥದು.

ಸಂಚಿಕೆಯಲ್ಲಿ ಗಡಿಯಾರ ಕಾಣುತ್ತಿದ್ದರೆ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸಮಯ ನೋಡಿ, ಎರಡರಿಂದ ಭಾಗಿಸಿ, ನಿಮಿಷಕ್ಕೆ 1.8 ಕೋಟಿ ಕಿಲೋಮೀಟರಿನಂತೆ ದೂರ ತೆಗೆಯಿರಿ. ಐದೂವರೆ ಕೋಟಿಗಿಂತ ಕಡಿಮೆ ಬಂದರೆ ಅದು ಮಂಗಳವಲ್ಲ. ಒಳ್ಳೆಯ ಬರಹಗಾರರು ಪಾತ್ರಗಳಿಗೆ ಮುದ್ರಿಸಿದ ವಿಡಿಯೋ ಕಳಿಸುವ ರೂಢಿ ಹಾಕಿರುತ್ತಾರೆ, ಅದು ಸರಿ. ಅವರಿಗೆ ಇನ್ನೂ ಒಂದು ದಾರಿಯಿದೆ. ಸುಮಾರು 26 ತಿಂಗಳಿಗೊಮ್ಮೆ ಮಂಗಳ ಸೂರ್ಯನ ಆಚೆ ಬದಿಗೆ ಸರಿಯುತ್ತದೆ. ಆಗ ಸೂರ್ಯನ ಸುತ್ತಲಿನ ಬಿಸಿ ಅನಿಲ ರೇಡಿಯೋ ಅಲೆಯನ್ನು ಕಲಕಿ ಕೆಡಿಸುವುದರಿಂದ ಅಲ್ಲಿನ ನೌಕೆಗಳಿಗೆ ಸುಮಾರು ಎರಡು ವಾರ ಯಾವ ಆಜ್ಞೆಯನ್ನೂ ಕಳಿಸುವುದಿಲ್ಲ. ಅರ್ಧಂಬರ್ಧ ಮುಟ್ಟಿದ ಆಜ್ಞೆ, ಮುಟ್ಟದೇ ಹೋದದ್ದಕ್ಕಿಂತ ಅಪಾಯಕಾರಿ.