ನಿರುದ್ಯೋಗ ದರದ ಛೇದದಲ್ಲಿ ಯಾರಿದ್ದಾರೆ? ದಾವಣಗೆರೆಯ ಒಂದು ವಠಾರ ಇಟ್ಟುಕೊಂಡು ಕಲಿತದ್ದು

ಕಳೆದ ವಾರ ಅರ್ಥಶಾಸ್ತ್ರದ ಮಾದರಿ ಪರೀಕ್ಷೆಯಲ್ಲಿ ಉದ್ಯೋಗ ಮತ್ತು ಬಡತನದ ಪಾಠದಿಂದ ನನಗೆ ಮೂರು ಪ್ರಶ್ನೆ ತಪ್ಪಿದವು. ಉತ್ತರ ನೋಡಿದ ಮೇಲೆ ಗೊತ್ತಾಯಿತು, ಮೂರೂ ಒಂದೇ ಜಾಗದಲ್ಲಿ ತಪ್ಪಿದ್ದವು. ಭಾಗಿಸುವಾಗ ಮೇಲೆ ಏನಿಡಬೇಕು ಅಂತ ಗೊತ್ತಿತ್ತು. ಕೆಳಗೆ, ಅಂದರೆ ಛೇದದಲ್ಲಿ, ಯಾರನ್ನು ಇಡಬೇಕು ಅಂತ ಗೊತ್ತಿರಲಿಲ್ಲ. ಆಮೇಲೆ ಎರಡು ದಿನ ನಮ್ಮ ಬೀದಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಆಗ ತಲೆಗೆ ಹೋಯಿತು. ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ, ಇದೇ ಪಾಠ ಓದುತ್ತಿರುವವರಿಗೆ ಉಪಯೋಗ ಆಗಲಿ.

ಊರಿನ ಬಗ್ಗೆ ಎರಡು ಮಾತು

ದಾವಣಗೆರೆಗೆ 2007ರಿಂದ ಮಹಾನಗರ ಪಾಲಿಕೆ ಇದೆ. ಹಾಗಂತ ಪರೀಕ್ಷೆಯಲ್ಲಿ ಇದನ್ನು 'ಮಹಾನಗರ ಪ್ರದೇಶ' ಅಂತ ಬರೆದರೆ ತಪ್ಪು. ಸಂವಿಧಾನದ 243ಪಿ ವಿಧಿಯ ಪ್ರಕಾರ ಮಹಾನಗರ ಪ್ರದೇಶಕ್ಕೆ 10 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರಬೇಕು. 2011ರ ಜನಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ ಸುಮಾರು 4.35 ಲಕ್ಷ. ಜನಗಣತಿಯಲ್ಲಿ 1 ಲಕ್ಷ ದಾಟಿದ ಊರು ಒಂದನೇ ದರ್ಜೆ ನಗರ, ನಾವು ಅಲ್ಲಿ ಬರುತ್ತೇವೆ.

ಹತ್ತಿ ಗಿರಣಿಗಳಿದ್ದ ಕಾಲದಲ್ಲಿ ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಅಂದರೆ ತಿಂಗಳ ಸಂಬಳ, ಪಿಎಫ್, ಇಎಸ್‌ಐ. ಅದು ಹೋದ ಮೇಲೆ ಉಳಿದದ್ದು ಎಪಿಎಂಸಿಯ ಹಮಾಲಿ, ಮಂಡಕ್ಕಿ ಭಟ್ಟಿ, ಬೀಡಿ, ಆಟೋ, ಕಟ್ಟಡ ಕೆಲಸ, ತಳ್ಳುಗಾಡಿ. ಕಾಲೇಜು, ಆಸ್ಪತ್ರೆಗಳಲ್ಲಿ ಸಂಬಳದ ಕೆಲಸ ಇದೆ, ಆದರೆ ಗಿರಣಿಯಲ್ಲಿ ದುಡಿದವರ ಮಕ್ಕಳೆಲ್ಲ ಅಲ್ಲಿಗೆ ಹೋಗಲಿಲ್ಲ. ಸಂಬಳದ ಕೆಲಸ ದಿನಗೂಲಿಯಾದಾಗ ನಿರುದ್ಯೋಗದ ಅಂಕಿ ಏರದೆಯೂ ಇರಬಹುದು, ಕೆಲಸ ಇದ್ದೇ ಇದೆಯಲ್ಲ. ಮುಂದೆ ಓದುವಾಗ ಇದು ನೆನಪಿರಲಿ.

ಮೂರು ದರ, ಎರಡು ಛೇದ

ನನ್ನನ್ನು ಕೆಡವಿದ್ದು ಈ ಭಾಗ, ಹಾಗಾಗಿ ನಿಧಾನವಾಗಿ ಬರೆಯುತ್ತೇನೆ.

ಒಂದು ವಠಾರ ಇದೆ ಅಂದುಕೊಳ್ಳಿ. 15 ವರ್ಷ ದಾಟಿದವರು 40 ಜನ. ಅವರಲ್ಲಿ 18 ಜನ ಕೆಲಸ ಮಾಡುತ್ತಾರೆ. 2 ಹುಡುಗರು ಕೆಲಸ ಹುಡುಕುತ್ತಿದ್ದಾರೆ. ಉಳಿದ 20 ಜನ ಕೆಲಸವನ್ನೂ ಮಾಡುತ್ತಿಲ್ಲ, ಹುಡುಕುತ್ತಲೂ ಇಲ್ಲ. ಕಾಲೇಜಿಗೆ ಹೋಗುವವರು, ವಯಸ್ಸಾದವರು, ಮನೆವಾರ್ತೆ ನೋಡಿಕೊಳ್ಳುವವರು.

ನಿರುದ್ಯೋಗ ದರ ಎಷ್ಟು? ನಾನು ಬರೆದದ್ದು 2 ಭಾಗಿಸು 40, ಅಂದರೆ ಶೇ. 5. ತಪ್ಪು. ಸರಿ ಉತ್ತರ 2 ಭಾಗಿಸು 20, ಶೇ. 10.

ಯಾಕೆ? ನಿರುದ್ಯೋಗ ದರದ ಛೇದದಲ್ಲಿ ಇಡೀ ವಠಾರ ಇರುವುದಿಲ್ಲ. ಕೆಲಸ ಮಾಡುವವರು ಮತ್ತು ಹುಡುಕುವವರು ಮಾತ್ರ ಇರುತ್ತಾರೆ, 18 ಮತ್ತು 2. ಇದಕ್ಕೆ ಶ್ರಮಶಕ್ತಿ ಅಂತ ಹೆಸರು. ಶ್ರಮಶಕ್ತಿಯನ್ನು ಇಡೀ ವಠಾರದಿಂದ ಭಾಗಿಸಿದರೆ ಶ್ರಮಶಕ್ತಿ ಪಾಲ್ಗೊಳ್ಳುವಿಕೆ ದರ, 20 ಭಾಗಿಸು 40, ಶೇ. 50. ಕೆಲಸದಲ್ಲಿರುವವರನ್ನು ಇಡೀ ವಠಾರದಿಂದ ಭಾಗಿಸಿದರೆ ಕೆಲಸಗಾರ-ಜನಸಂಖ್ಯೆ ಅನುಪಾತ, 18 ಭಾಗಿಸು 40, ಶೇ. 45. ಈ ಎರಡಕ್ಕೆ ಛೇದ 40. ನಿರುದ್ಯೋಗ ದರ ಒಂದಕ್ಕೆ ಮಾತ್ರ ಛೇದ 20.

ಈಗ ಆ ಇಬ್ಬರು ಹುಡುಗರು ಅರ್ಜಿ ಹಾಕಿ ಹಾಕಿ ಸಾಕಾಗಿ ಹುಡುಕುವುದನ್ನೇ ಬಿಟ್ಟರು ಅನ್ನಿ. ನಿರುದ್ಯೋಗ ದರ ಎಷ್ಟಾಯಿತು? ಸೊನ್ನೆ. ಮೇಲೂ ಇಲ್ಲ, ಕೆಳಗೂ ಇಲ್ಲ, ಇಬ್ಬರೂ ಲೆಕ್ಕದಿಂದಲೇ ಆಚೆ ಹೋದರು. ಒಬ್ಬರಿಗೂ ಕೆಲಸ ಸಿಕ್ಕಿಲ್ಲ, ದರ ಮಾತ್ರ ಶೇ. 10ರಿಂದ ಸೊನ್ನೆಗೆ ಬಂತು. ಇದನ್ನು ಮೊದಲ ಸಲ ಕಾಗದದ ಮೇಲೆ ನೋಡಿದಾಗ ನನಗೆ ನಿಜವಾಗಲೂ ಸಂಕಟವಾಯಿತು. ಸರ್ಕಾರಿ ಪರೀಕ್ಷೆ ಬರೆದೂ ಬರೆದೂ ಮನೇಲಿ ಕೂತ ಹುಡುಗರು ನಮ್ಮ ಬೀದಿಯಲ್ಲೇ ಇದ್ದಾರೆ.

ಹಾಗಾಗಿ ನನ್ನ ಅಭ್ಯಾಸ ಈಗ ಹೀಗಿದೆ. ನಿರುದ್ಯೋಗ ದರ ಎಲ್ಲಿ ಕಂಡರೂ ಪಕ್ಕದಲ್ಲೇ ಪಾಲ್ಗೊಳ್ಳುವಿಕೆ ದರ ಹುಡುಕುತ್ತೇನೆ. ಎರಡೂ ಒಟ್ಟಿಗೆ ಇಳಿದಿದ್ದರೆ ಜನ ಕೆಲಸ ಸಿಕ್ಕಿ ಹೋದರೋ, ಬೇಸತ್ತು ಹೋದರೋ ಅಂತ ಕೇಳಬೇಕು.

ಬೀಡಿ ಕಟ್ಟುವ ಅಕ್ಕ ಯಾವ ಡಬ್ಬಿಗೆ?

ವಠಾರದ ಲೆಕ್ಕವನ್ನು ನಿಜವಾದ ಮನೆಗಳ ಮೇಲೆ ಪರೀಕ್ಷಿಸೋಣ ಅಂತ ನಮ್ಮ ಹಿಂದಿನ ಬೀದಿಯ ಒಬ್ಬ ಅಕ್ಕನನ್ನು ಕೇಳಿದೆ.

"ಅಕ್ಕಾ, ನೀವು ಏನ್ ಕೆಲಸ ಮಾಡ್ತೀರಿ?"

"ಏನಿಲ್ಲಪ್ಪಾ, ಮನ್ಯಾಗೇ ಇರ್ತೀನಿ."

ಹಾಗೆ ಹೇಳುವಾಗ ಅವರ ತೊಡೆ ಮೇಲೆ ಮೊರ ಇತ್ತು. ಮೊರದಲ್ಲಿ ತಂಬಾಕಿನ ಪುಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ದಾರದ ಉಂಡೆ. ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಎಲೆ ಕತ್ತರಿಸಿ, ಚಿಟಿಕೆ ತಂಬಾಕು ಉದುರಿಸಿ, ಸುರುಳಿ ಸುತ್ತಿ, ತುದಿ ಮಡಚಿ, ದಾರ ಕಟ್ಟಿ ಪಕ್ಕಕ್ಕಿಟ್ಟರು. ಮಾತು ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ಇನ್ನೊಂದು ಸಲ ಬೇರೆ ಥರ ಕೇಳಿದೆ: "ನಿನ್ನೆ ಎಷ್ಟು ಕಟ್ಟಿದ್ರಿ ಅಕ್ಕಾ?" ತಕ್ಷಣ ಉತ್ತರ ಬಂತು: "ಎಂಟ್ನೂರು. ಅದ್ರಾಗೆ ಒಂದಿಷ್ಟು ಚೆನ್ನಾಗಿಲ್ಲ ಅಂತ ತೆಗೀತಾರೆ, ಅದಕ್ಕೆ ಕೂಲಿ ಇಲ್ಲ."

ಮೊದಲ ಪ್ರಶ್ನೆಗೆ ಅವರು ಗೃಹಿಣಿ, ಶ್ರಮಶಕ್ತಿಯ ಆಚೆ. ಎರಡನೇ ಪ್ರಶ್ನೆಗೆ ಅವರು ಕೆಲಸಗಾರ್ತಿ. ಅದೇ ಅಕ್ಕ, ಅದೇ ಮೊರ. ಸಮೀಕ್ಷೆಯಲ್ಲಿ ಪ್ರಶ್ನೆ ಹೇಗೆ ಕೇಳುತ್ತಾರೆ ಅನ್ನುವುದಕ್ಕೆ ಇಷ್ಟು ಬೆಲೆ ಇದೆ ಅಂತ ಪುಸ್ತಕ ಓದಿ ನನಗೆ ಅರ್ಥವಾಗಿರಲಿಲ್ಲ.

ಇನ್ನೂ ಒಂದು ಹೆಜ್ಜೆ ಇದೆ. ಕೇಂದ್ರ ಸರ್ಕಾರದ ಆವರ್ತಕ ಶ್ರಮಶಕ್ತಿ ಸಮೀಕ್ಷೆ, ಅಂದರೆ 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್, ಕೆಲಸ ಮಾಡುವವರನ್ನು ಮೂರು ಗುಂಪು ಮಾಡುತ್ತದೆ: ಸ್ವಂತ ಉದ್ಯೋಗ, ಕಾಯಂ ಸಂಬಳ, ದಿನಗೂಲಿ. ಮನೆಯಲ್ಲೇ ಕೂತು ಗುತ್ತಿಗೆದಾರರಿಗೆ ಬೀಡಿ ಕಟ್ಟುವವರು ಯಾವ ಗುಂಪು? ನಾನು ದಿನಗೂಲಿ ಅಂದುಕೊಂಡಿದ್ದೆ. ಅವರು ಬರುವುದು ಸ್ವಂತ ಉದ್ಯೋಗದಲ್ಲಿ. ಕೆಲಸ ಎಲ್ಲಿ, ಯಾವಾಗ ಮಾಡಬೇಕು ಅನ್ನುವುದು ಅವರ ಕೈಯಲ್ಲಿದೆ ಅನ್ನುವುದು ಇದರ ಹಿಂದಿನ ವಾದ. ಎಲೆ, ತಂಬಾಕು ಗುತ್ತಿಗೆದಾರರದ್ದು. ದರ ಅವರದ್ದು. ಯಾವ ಬೀಡಿ ತೆಗೆದುಹಾಕಬೇಕು ಅನ್ನುವುದೂ ಅವರದ್ದೇ. ಆದರೂ ಪಟ್ಟಿಯಲ್ಲಿ ಈ ಅಕ್ಕ, ಸ್ವಂತ ಕಿರಾಣಿ ಅಂಗಡಿ ಇರುವವರ ಸಾಲಿನಲ್ಲೇ ನಿಲ್ಲುತ್ತಾರೆ. 'ಸ್ವಂತ ಉದ್ಯೋಗ ಹೆಚ್ಚಿತು' ಅಂತ ಓದಿದಾಗ ಯಾವ ಥರದ ಸ್ವಂತ ಅಂತ ನೋಡದೆ ಖುಷಿಪಡುವುದು ಬೇಡ ಅಂತ ನನಗನ್ನಿಸುತ್ತದೆ.

ಗಂಡನ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯಲ್ಲಿ ಸಂಜೆಯೆಲ್ಲ ಮೆಣಸಿನಕಾಯಿ ಸೀಳಿ, ಹಿಟ್ಟು ಕಲಸುವ ಹೆಂಗಸಿಗೆ ಕೈಗೆ ಒಂದು ರೂಪಾಯಿ ಬರುವುದಿಲ್ಲ. ಅವರೂ ಕೆಲಸಗಾರ್ತಿಯೇ. ಮನೆ ಉದ್ಯಮದ ಸಂಬಳವಿಲ್ಲದ ಸಹಾಯಕಿ ಅಂತ ಅವರೂ ಸ್ವಂತ ಉದ್ಯೋಗದ ಗುಂಪಿಗೇ ಸೇರುತ್ತಾರೆ.

ಈಗ ವಠಾರಕ್ಕೆ ವಾಪಸ್ ಬನ್ನಿ. ಆ 20 ಜನರಲ್ಲಿ ಮೂವರು ಬೀಡಿ ಕಟ್ಟುತ್ತಾರೆ, ಒಬ್ಬರು ಅಂಗಡಿಯಲ್ಲಿ ದುಡಿಯುತ್ತಾರೆ ಅಂತ ಸರಿಯಾಗಿ ಕೇಳಿದಾಗ ಗೊತ್ತಾಯಿತು ಅನ್ನಿ. ಕೆಲಸದಲ್ಲಿರುವವರು 22, ಹುಡುಕುವವರು 2. ಶ್ರಮಶಕ್ತಿ 24. ಪಾಲ್ಗೊಳ್ಳುವಿಕೆ ಶೇ. 60. ನಿರುದ್ಯೋಗ 2 ಭಾಗಿಸು 24, ಸುಮಾರು ಶೇ. 8.3. ಯಾರ ಮನೆಗೂ ಒಂದು ರೂಪಾಯಿ ಹೆಚ್ಚು ಬಂದಿಲ್ಲ.

ದೇಶದ ಅಂಕಿ ನೋಡುವಾಗ ಇದು ನೆನಪಿಗೆ ಬರುತ್ತದೆ. 15 ವರ್ಷ ದಾಟಿದ ಹೆಣ್ಣುಮಕ್ಕಳ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ. 23.3 ಇತ್ತು, 2023-24ರಲ್ಲಿ ಶೇ. 41.7 ಆಯಿತು. ಏರಿಕೆಯ ದೊಡ್ಡ ಪಾಲು ಬಂದದ್ದು ಸ್ವಂತ ಉದ್ಯೋಗದ ಗುಂಪಿನಲ್ಲಿ.

ವರ್ಷದ ಲೆಕ್ಕ, ವಾರದ ಲೆಕ್ಕ

2023-24ರಲ್ಲಿ ದೇಶದ ನಿರುದ್ಯೋಗ ದರ ಶೇ. 3.2 ಅಂತ ಒಂದು ಕಡೆ, ಶೇ. 4.9 ಅಂತ ಇನ್ನೊಂದು ಕಡೆ ಓದಿ ಗಾಬರಿಯಾಗಬೇಡಿ. ಎರಡೂ ಸರಿ. ಮೊದಲನೆಯದು 'ಸಾಮಾನ್ಯ ಸ್ಥಿತಿ': ಹಿಂದಿನ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದಿರಿ, ಅದಲ್ಲದೆ ಕನಿಷ್ಠ 30 ದಿನ ಬೇರೆ ಕೆಲಸ ಮಾಡಿದಿರಾ ಅಂತ ನೋಡುತ್ತದೆ. ಎರಡನೆಯದು 'ಚಾಲ್ತಿ ವಾರದ ಸ್ಥಿತಿ': ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆಯಾದರೂ ಕೆಲಸ ಮಾಡಿದ್ದರೆ ಉದ್ಯೋಗಿ.

ನಮ್ಮ ಎಪಿಎಂಸಿ ಹಮಾಲರನ್ನು ನೆನೆದರೆ ಎರಡೂ ನೆನಪಲ್ಲಿ ಉಳಿಯುತ್ತವೆ. ಮೆಕ್ಕೆಜೋಳ ಕಟಾವಾಗಿ ಅಕ್ಟೋಬರ್, ನವೆಂಬರಿನಲ್ಲಿ ಲಾರಿ ಮೇಲೆ ಲಾರಿ ಬರುತ್ತವೆ, ಚೀಲಕ್ಕಿಷ್ಟು ಅಂತ ಕೂಲಿ, ಬೆನ್ನಿಗೆ ಬಿಡುವಿಲ್ಲ. ಬೇಸಿಗೆಯಲ್ಲಿ ಅದೇ ಹಮಾಲರು ಬೆಳಗ್ಗೆ ಬಂದು ಚಹಾ ಕುಡಿದು ಕಾಯುತ್ತಾರೆ, ಒಮ್ಮೊಮ್ಮೆ ಇಡೀ ವಾರ ಕೈ ಖಾಲಿ. ಅಂಥ ವಾರದಲ್ಲಿ ಕೇಳಿದರೆ ವಾರದ ಲೆಕ್ಕದಲ್ಲಿ ನಿರುದ್ಯೋಗಿ, ವರ್ಷದ ಲೆಕ್ಕದಲ್ಲಿ ಉದ್ಯೋಗಿ. ವಾರದ ದರ ಸಾಮಾನ್ಯವಾಗಿ ಜಾಸ್ತಿ ಇರುವುದು ಇದಕ್ಕೇ.

ಆದಾಯ

ಇದು ಚಿಕ್ಕದು. ತಲಾ ಆದಾಯ ಅಂದರೆ ಸರಾಸರಿ. ಬೀದಿಯ ಹತ್ತು ಮನೆಗಳಲ್ಲಿ ಒಂಬತ್ತಕ್ಕೆ ತಿಂಗಳಿಗೆ 10,000, ಒಂದಕ್ಕೆ 2 ಲಕ್ಷ ಬಂದರೆ ಸರಾಸರಿ 29,000. ಅಷ್ಟು ದುಡಿಯುವ ಮನೆ ಆ ಬೀದಿಯಲ್ಲಿ ಒಂದೂ ಇಲ್ಲ. ಮಧ್ಯಾಂಕ, ಅಂದರೆ ಮನೆಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಅಂಕಿ, 10,000.

ಹಮಾಲರ ಮನೆಗೆ ನಾನೇ ಊಹಿಸಿಕೊಂಡ ಒಂದು ಲೆಕ್ಕ: ನಾಲ್ಕು ತಿಂಗಳು 15,000, ಎಂಟು ತಿಂಗಳು 6,000. ವರ್ಷಕ್ಕೆ 1,08,000. ತಿಂಗಳ ಸರಾಸರಿ 9,000. ಆದರೆ ಮೇ ತಿಂಗಳಲ್ಲಿ ಐದು ಜನರ ಮನೆಗೆ ತಲೆಗೆ 1,200 ಮಾತ್ರ. ಶಾಲೆ ಶುರುವಾಗುವ ಜೂನ್ ಅದರ ಬೆನ್ನಿಗೇ ಇದೆ.

ಬಡತನ ರೇಖೆ ಮತ್ತು ಉದ್ರಿ ಪುಸ್ತಕ

ಬಡತನ ರೇಖೆ ಎಷ್ಟಿರಬೇಕು ಅಂತ ಲೆಕ್ಕ ಹಾಕಲು ಬೇರೆ ಬೇರೆ ಸಮಿತಿಗಳಿದ್ದವು. ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ಕ್ಕೆ ದೇಶದ ನಗರ ರೇಖೆ ತಿಂಗಳಿಗೆ ತಲಾ 1,000 ರೂಪಾಯಿ, ಗ್ರಾಮೀಣ 816. ಬಡವರು ಶೇ. 21.9. ರಂಗರಾಜನ್ ಸಮಿತಿ 2014ರಲ್ಲಿ ಅದೇ ವರ್ಷಕ್ಕೆ ನಗರ 1,407, ಗ್ರಾಮೀಣ 972 ಅಂದಿತು. ಬಡವರು ಶೇ. 29.5 ಆದರು. ಜನ ಅವರೇ, ಗೆರೆ ಸರಿಯಿತು.

ಇಲ್ಲಿ ನನ್ನ ಇನ್ನೊಂದು ತಪ್ಪು. ಕರ್ನಾಟಕದ ನಗರಗಳಿಗೆ ತೆಂಡೂಲ್ಕರ್ ರೇಖೆ 1,089. ನಾನು ಅದನ್ನು ಮನೆಗೆ ಅಂತ ಓದಿಕೊಂಡೆ. ಅದು ಒಬ್ಬರಿಗೆ. ಐದು ಜನರ ಮನೆಗೆ 5,445. ಒಬ್ಬರಿಗೆ ದಿನಕ್ಕೆ ಸುಮಾರು 36 ರೂಪಾಯಿ. ಇದು 2011-12ರ ಬೆಲೆಯಲ್ಲಿ, ಇವತ್ತಿನ ಕೂಲಿ ಜೊತೆ ನೇರವಾಗಿ ಹೋಲಿಸಬೇಡಿ.

ಬಿಪಿಎಲ್ ಕಾರ್ಡನ್ನೂ ಈ ರೇಖೆಯನ್ನೂ ಒಂದೇ ಮಾಡಬೇಡಿ. ನಮ್ಮ ರಾಜ್ಯದಲ್ಲಿ ಕಾರ್ಡಿಗೆ ಮನೆಯ ವಾರ್ಷಿಕ ಆದಾಯ 1.20 ಲಕ್ಷ ದಾಟಬಾರದು ಅನ್ನುವುದು ಒಂದು ಷರತ್ತು, ಬೇರೆ ಷರತ್ತುಗಳೂ ಇವೆ. ಕಾರ್ಡು ನೋಡುವುದು ಮನೆಯ ಆದಾಯ. ಸಮಿತಿಗಳ ರೇಖೆ ನೋಡುವುದು ಒಬ್ಬೊಬ್ಬರ ಬಳಕೆ ವೆಚ್ಚ, ಅಂದರೆ ಎಷ್ಟು ಖರ್ಚು ಮಾಡಿದರು ಅಂತ. ನೀತಿ ಆಯೋಗದ ಬಹುಆಯಾಮ ಬಡತನ ಇನ್ನೊಂದೇ ದಾರಿ: ಆರೋಗ್ಯ, ಶಿಕ್ಷಣ, ಜೀವನಮಟ್ಟ, ಒಟ್ಟು 12 ಸೂಚಕ. ಅದರಲ್ಲಿ ದುಡ್ಡಿನ ಲೆಕ್ಕವೇ ಇಲ್ಲ, ಅಡುಗೆ ಇಂಧನ, ಶೌಚಾಲಯ, ಮನೆಯಂಥವು ಇವೆ.

ಬಳಕೆ ವೆಚ್ಚದಲ್ಲಿ ಒಂದು ವಿಷಯ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಹಮಾಲರ ಮನೆ ಮೇ ತಿಂಗಳಲ್ಲಿ 6,000 ದುಡಿದು 8,500 ಖರ್ಚು ಮಾಡಿದರೆ ಸಮೀಕ್ಷೆಗೆ ಸಿಗುವುದು 8,500. ಉಳಿದ 2,500 ಎಲ್ಲಿಂದ ಬಂತು? ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಿಂದ, ಸಂಘದ ಸಾಲದಿಂದ, ಕೈಗಡದಿಂದ. ಸಾಲ ಮಾಡಿ ಊಟ ಮಾಡಿದ ಮನೆ ಆ ತಿಂಗಳು ಗೆರೆಗಿಂತ ಮೇಲೆ ಕಾಣಿಸಬಹುದು. ನವೆಂಬರಿನಲ್ಲಿ ಕೈತುಂಬ ಕೂಲಿ ಬಂದಾಗ ಆ ದುಡ್ಡು ಸಾಲ ತೀರಿಸಲು ಹೋಗುತ್ತದೆ. ಸಾಲ ತೀರಿಸಿದ್ದು ಬಳಕೆ ವೆಚ್ಚ ಅಲ್ಲ, ಹಾಗಾಗಿ ಚೆನ್ನಾಗಿ ದುಡಿದ ತಿಂಗಳಲ್ಲೇ ಖರ್ಚು ಕಮ್ಮಿ ಕಾಣಬಹುದು.

ನನ್ನ ಪುಸ್ತಕದಲ್ಲಿ 'ಬಳಕೆ ವೆಚ್ಚ' ಅಂತ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ 'ಉದ್ರಿ ಎಷ್ಟು?' ಅಂತ ಬರೆದುಕೊಂಡಿದ್ದೇನೆ.