ಮೊರಾರ್ಜಿ ದೇಸಾಯಿ ಕೇಸ್ ಸೋತರು, ಹಾಗಾದ್ರೆ ಅವರು ಸಿಐಎ ಏಜೆಂಟ್ ಆಗಿದ್ರಾ?

ಪ್ರಶ್ನೆ: ಮೊರಾರ್ಜಿ ದೇಸಾಯಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಹತ್ರ ದುಡ್ಡು ತಗೊಳ್ತಿದ್ದರು ಅಂತ ಅಮೆರಿಕದ ಪತ್ರಕರ್ತರೊಬ್ಬರು ಬರೆದಿದ್ದರಂತೆ. ಮೊರಾರ್ಜಿ ಅಲ್ಲಿನ ಕೋರ್ಟಿಗೆ ಹೋಗಿ ಸೋತರಂತೆ. ಸೋತರು ಅಂದ್ಮೇಲೆ ಆರೋಪ ನಿಜ ಅಂತಲೇ ಅಲ್ವಾ?

ಉತ್ತರ: ಅಲ್ಲ. ಸೋತದ್ದು ನಿಜ. ಆದರೆ ಆ ಕೋರ್ಟು ‘ಮೊರಾರ್ಜಿ ಏಜೆಂಟ್ ಆಗಿದ್ದರು’ ಅಂತ ಎಲ್ಲೂ ತೀರ್ಪು ಕೊಟ್ಟಿಲ್ಲ. ಅಲ್ಲಿ ತೂಗಿ ನೋಡಿದ್ದೇ ಬೇರೆ.

ನಮ್ಮ ಕಡೆ ಈಗ ಮೊರಾರ್ಜಿ ಅಂದ್ರೆ ವಸತಿ ಶಾಲೆ. ‘ಮಗಳಿಗೆ ಮೊರಾರ್ಜಿಯಲ್ಲಿ ಸೀಟ್ ಸಿಕ್ತು’ ಅಂತ ಹೇಳಿ ಖುಷಿಪಡುವವರಿಗೆ ಆ ಹೆಸರಿನ ಮನುಷ್ಯ ಯಾರು ಅಂತ ನೆನಪಿರಬೇಕು ಅಂತೇನೂ ಇಲ್ಲ. ಹುಟ್ಟಿದ್ದು 1896ರ ಫೆಬ್ರುವರಿ 29ರಂದು, ಗುಜರಾತಿನಲ್ಲಿ. ನೆಹರೂ ಕಾಲದಲ್ಲಿ ಹಣಕಾಸು ಮಂತ್ರಿ, 1967ರಲ್ಲಿ ಇಂದಿರಾ ಸರ್ಕಾರದ ಉಪಪ್ರಧಾನಿ, 1977ರಿಂದ 1979ರವರೆಗೆ ಕಾಂಗ್ರೆಸ್ಸೇತರ ಮೊದಲ ಪ್ರಧಾನಿ. ಖಾದಿ, ಪಾನನಿಷೇಧ, ಹಟ. ಅವರನ್ನು ಇಷ್ಟಪಡದವರು ಬಹಳ ಜನ ಇದ್ದರು, ಆದರೆ ದುಡ್ಡಿನ ವಿಷಯದಲ್ಲಿ ಅನುಮಾನ ಪಡುವವರು ಕಮ್ಮಿ. ಹಾಗಾಗಿಯೇ ಆರೋಪ ಬಂದಾಗ ಜನ ಬೆಚ್ಚಿಬಿದ್ದರು. ಹಾಗಂತ ‘ಅಂಥ ಗಾಂಧಿವಾದಿ ಮಾಡ್ತಾರಾ?’ ಅನ್ನೋದೂ ಸಾಕ್ಷಿ ಅಲ್ಲ ಬಿಡಿ.

ಆರೋಪ ಬಂದದ್ದು 1983ರಲ್ಲಿ. ಬರೆದವರು ಸೇಮೂರ್ ಹರ್ಷ್. ವಿಯೆಟ್ನಾಂನ ಮೈ ಲಾಯ್ ಹತ್ಯಾಕಾಂಡವನ್ನು ಬಯಲಿಗೆಳೆದು ಪುಲಿಟ್ಜರ್ ಪಡೆದವರು, ಸುಮ್ನೆ ಗಾಳಿಸುದ್ದಿ ಬರೆಯುವವರು ಅಂತ ತಳ್ಳಿಹಾಕೋಕೆ ಆಗೋದಿಲ್ಲ. ಅಧ್ಯಕ್ಷ ನಿಕ್ಸನ್ ಕಾಲದ ಭದ್ರತಾ ಸಲಹೆಗಾರ ಕಿಸಿಂಜರ್ ಬಗ್ಗೆ ಅವರು ಬರೆದ ದಪ್ಪ ಪುಸ್ತಕದಲ್ಲಿ ಮೊರಾರ್ಜಿ ವಿಷಯ ಬರೋದು ಸ್ವಲ್ಪವೇ. ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ ಮೊರಾರ್ಜಿಗೆ ಸಿಐಎ ವರ್ಷಕ್ಕೆ 20,000 ಡಾಲರ್ ಕೊಡ್ತಿತ್ತು, ನಿಕ್ಸನ್ ಬಂದ ಮೇಲೂ ಅವರು ಮಾಹಿತಿ ಕೊಡ್ತಿದ್ದರು, ಇಷ್ಟೇ. 1966ರ ಅಪಮೌಲ್ಯದ ನಂತರ ಡಾಲರಿಗೆ ಏಳೂವರೆ ರೂಪಾಯಿ ಇತ್ತು. ಅಂದರೆ ವರ್ಷಕ್ಕೆ ಒಂದೂವರೆ ಲಕ್ಷ. ಆಗಿನ ಕಾಲಕ್ಕೆ ದೊಡ್ಡ ದುಡ್ಡೇ.

ಹೇಳಿದವರು ಯಾರು? ಹೆಸರಿಲ್ಲದ ಮೂಲಗಳು.

ಮೊರಾರ್ಜಿಗೆ ಆಗ 87 ವರ್ಷ. ಇದು ಶುದ್ಧ ಸುಳ್ಳು ಅಂದರು, ಷಿಕಾಗೋದ ಫೆಡರಲ್ ಕೋರ್ಟಿನಲ್ಲಿ 5 ಕೋಟಿ ಡಾಲರ್ ಪರಿಹಾರ ಕೇಳಿ ಮಾನನಷ್ಟ ದಾವೆ ಹೂಡಿದರು. ಅಮೆರಿಕದಲ್ಲಿ ಹಾಕಿದ್ದೇ ಅವರಿಗೆ ಮುಳುವಾಯಿತು ಅಂತ ನನಗನಿಸುತ್ತೆ.

ಯಾಕೆ ಅಂತ ಹೇಳ್ತೀನಿ. ನಮ್ಮಲ್ಲಿ ಒಬ್ಬರ ಬಗ್ಗೆ ಮಾನ ಹೋಗುವಂಥದ್ದು ಬರೆದು ‘ನಾನು ಬರೆದದ್ದು ನಿಜ’ ಅಂತ ವಾದ ಹೂಡಿದರೆ, ಅದನ್ನು ತೋರಿಸೋ ಭಾರ ಸಾಮಾನ್ಯವಾಗಿ ಬರೆದವರ ತಲೆ ಮೇಲೆ. ಅಮೆರಿಕದಲ್ಲಿ, ಅದೂ ರಾಜಕಾರಣಿಗಳ ವಿಷಯದಲ್ಲಿ, ಇದು ಉಲ್ಟಾ. 1964ರಲ್ಲಿ ಅಲಬಾಮಾದ ಅಧಿಕಾರಿಯೊಬ್ಬರು ನ್ಯೂಯಾರ್ಕ್ ಟೈಮ್ಸ್ ಮೇಲೆ ಹಾಕಿದ್ದ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಂದು ಗೆರೆ ಎಳೆಯಿತು. ಸಾರ್ವಜನಿಕ ಹುದ್ದೆಯಲ್ಲಿರುವವರು ಗೆಲ್ಲಬೇಕಾದರೆ ಬರೆದದ್ದು ಸುಳ್ಳು ಅಂತ ತೋರಿಸಿದರೆ ಸಾಲದು. ಬರೆದವನಿಗೆ ಅದು ಸುಳ್ಳು ಅಂತ ಗೊತ್ತಿತ್ತು, ಇಲ್ಲವೇ ಗಟ್ಟಿ ಅನುಮಾನ ಇದ್ದರೂ ಕ್ಯಾರೇ ಅನ್ನದೆ ಬರೆದ ಅಂತಲೂ ತೋರಿಸಬೇಕು. ಆಮೇಲೆ ಈ ನಿಯಮ ಹುದ್ದೆಯಲ್ಲಿ ಇಲ್ಲದ ಹೆಸರಾಂತ ವ್ಯಕ್ತಿಗಳಿಗೂ ಬಂತು.

ಇದನ್ನು ನಮ್ಮೂರಿಗೆ ತಂದು ನೋಡಿ. ಪಂಚಾಯ್ತಿ ಅಧ್ಯಕ್ಷರು ಕಂಟ್ರಾಕ್ಟರ್ ಹತ್ರ ದುಡ್ಡು ತಿಂದರು ಅಂತ ಆಫೀಸಿನ ಮೂರು ಜನ ಬಂದು ವರದಿಗಾರನ ಕಿವಿಯಲ್ಲಿ ಹೇಳ್ತಾರೆ. ಅವನು ನಂಬ್ತಾನೆ, ಬರೀತಾನೆ. ಆ ಮೂವರಿಗೂ ಅಧ್ಯಕ್ಷರ ಮೇಲೆ ಹಳೇ ಸಿಟ್ಟು ಇದ್ದಿರಬಹುದು, ಅಧ್ಯಕ್ಷರು ಒಂದು ಲೋಟ ಕಾಫಿಯನ್ನೂ ಪುಕ್ಕಟೆ ಕುಡಿದಿರಲಿಕ್ಕಿಲ್ಲ. ಆದರೂ ಅಮೆರಿಕದ ಲೆಕ್ಕದಲ್ಲಿ ವರದಿಗಾರ ಪಾರು, ಯಾಕಂದ್ರೆ ಅವನು ನಂಬಿ ಬರೆದ.

ಇನ್ನೂ ಒಂದು ತೊಡಕು ಇತ್ತು. ಹರ್ಷ್ ತಮಗೆ ಹೇಳಿದವರ ಹೆಸರನ್ನು ಕೋರ್ಟಿನಲ್ಲಿ ಬಿಟ್ಟುಕೊಡಲಿಲ್ಲ. ಯಾರು ಹೇಳಿದರು ಅಂತಲೇ ಗೊತ್ತಿಲ್ಲದೆ, ಅದನ್ನು ಕೇಳಿಸಿಕೊಂಡವರ ಮನಸ್ಸಿನಲ್ಲಿ ಏನಿತ್ತು ಅಂತ ಮೊರಾರ್ಜಿ ಕಡೆಯವರು ಸಾಬೀತು ಮಾಡಬೇಕಿತ್ತು. ಕೈ ಕಟ್ಟಿ ಬಾವಿಗಿಳಿಸಿ ಈಜು ಅಂದ ಹಾಗೆ.

ವಿಚಾರಣೆ ಶುರುವಾಗುವ ಹೊತ್ತಿಗೆ 1989. ಮೊರಾರ್ಜಿಗೆ 93. ಷಿಕಾಗೋ ತನಕ ಹೋಗುವಷ್ಟು ಆರೋಗ್ಯ ಇರಲಿಲ್ಲ. ಹೋದವರು ಯಾರು ಗೊತ್ತಾ? ಹೆನ್ರಿ ಕಿಸಿಂಜರ್! ಪುಸ್ತಕದಲ್ಲಿ ಚೆನ್ನಾಗಿ ಬೈಸಿಕೊಂಡಿದ್ದ ಅದೇ ಕಿಸಿಂಜರ್ ಸಾಕ್ಷಿ ಕಟ್ಟೆಯಲ್ಲಿ ಪ್ರಮಾಣ ಮಾಡಿ, ಮೊರಾರ್ಜಿ ಸಿಐಎಯಿಂದ ದುಡ್ಡು ಪಡೆಯುತ್ತಿದ್ದರು ಅನ್ನೋದು ತನಗಂತೂ ತಿಳಿದಿಲ್ಲ ಅಂದರು. ಕಿಸಿಂಜರಿಗೆ ಹರ್ಷ್ ಮೇಲೆ ಪ್ರೀತಿ ಇರಲು ಸಾಧ್ಯವೇ ಇಲ್ಲ, ಹಾಗಾಗಿ ಆ ಮಾತನ್ನೂ ಸ್ವಲ್ಪ ಉಪ್ಪು ಖಾರ ನೋಡಿಯೇ ತಗೋಬೇಕು. ಅಕ್ಟೋಬರಿನಲ್ಲಿ ಜ್ಯೂರಿ ಹರ್ಷ್ ಪರ ತೀರ್ಪು ಕೊಟ್ಟಿತು. 1992ರಲ್ಲಿ ಮೇಲ್ಮನವಿ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಕೋರ್ಟು ಬಿಡಿ, ಆರೋಪದಲ್ಲಿ ಹುರುಳಿದೆಯಾ ಅಂತ ಕೇಳಿದರೆ ನಾನು ಮೊದಲು ನೋಡೋದು ತಾರೀಖು. ಜಾನ್ಸನ್ ಅಧ್ಯಕ್ಷರಾಗಿದ್ದು 1963ರ ನವೆಂಬರಿನಿಂದ 1969ರ ಜನವರಿವರೆಗೆ. ಹಿರಿಯ ಮಂತ್ರಿಗಳು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಬೇಕು ಅನ್ನೋ ಕಾಮರಾಜ್ ಯೋಜನೆಯಲ್ಲಿ ಮೊರಾರ್ಜಿ ಮಂತ್ರಿಗಿರಿ ಬಿಟ್ಟದ್ದು 1963ರ ಆಗಸ್ಟಿನಲ್ಲಿ, ಸಂಪುಟಕ್ಕೆ ಮರಳಿದ್ದು 1967ರ ಮಾರ್ಚಿನಲ್ಲಿ. ಅಂದರೆ ಜಾನ್ಸನ್ ಕಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ಸಮಯ ಈ ಮನುಷ್ಯ ಸರ್ಕಾರದ ಹೊರಗಿದ್ದರು. ಹೊರಗಿದ್ದವರಿಗೂ ಒಳಗಿನ ಸುದ್ದಿ ಗೊತ್ತಿರುತ್ತೆ, ಇಲ್ಲ ಅನ್ನಲ್ಲ, ಆದರೂ ಲೆಕ್ಕ ಸ್ವಲ್ಪ ಕುಂಟುತ್ತೆ.

ನಿಕ್ಸನ್ ಕಾಲಕ್ಕೆ ಬಂದರೆ ಇನ್ನೂ ಕಷ್ಟ, ಇಲ್ಲಿ ಬೆಂಗಳೂರೂ ಬರುತ್ತೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಎಐಸಿಸಿ ಅಧಿವೇಶನ. ನಮ್ಮ ನಿಜಲಿಂಗಪ್ಪ ಪಕ್ಷದ ಅಧ್ಯಕ್ಷರು. ಬ್ಯಾಂಕುಗಳ ವಿಷಯದಲ್ಲಿ ಇಂದಿರಾ ಮತ್ತು ಹಿರಿಯರ ನಡುವಿನ ಜಗಳ ಅಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಇಂದಿರಾ ದೆಹಲಿಗೆ ಮರಳಿ ಕೆಲವೇ ದಿನದಲ್ಲಿ ಮೊರಾರ್ಜಿಯಿಂದ ಹಣಕಾಸು ಖಾತೆ ಕಿತ್ತುಕೊಂಡರು, ಅವರು ರಾಜೀನಾಮೆ ಬಿಸಾಕಿದರು, ಜುಲೈ 19ಕ್ಕೆ 14 ಬ್ಯಾಂಕುಗಳು ರಾಷ್ಟ್ರೀಕರಣ ಆದವು. ಪಕ್ಷ ಒಡೆಯಿತು, ಮೊರಾರ್ಜಿ ವಿರೋಧ ಪಕ್ಷದ ಬೆಂಚಿನಲ್ಲಿ ಕೂತರು. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುವಾಗ ಅವರು ಇದ್ದದ್ದು ಅಲ್ಲೇ. ಇಂದಿರಾ ತಮ್ಮ ಯುದ್ಧದ ಗುಟ್ಟನ್ನು ಕೊನೆಗೆ ಹೇಳುವಂಥ ಮನುಷ್ಯ ಯಾರಾದ್ರೂ ಇದ್ದರೆ ಅದು ಮೊರಾರ್ಜಿಯೇ ಇರಬೇಕು.

ಹಾಗಂತ ಬೆಂಕಿ ಇಲ್ಲದೆ ಹೊಗೆ ಎದ್ದಿತ್ತು ಅಂತ ಅಲ್ಲ. ಆ ಡಿಸೆಂಬರಿನಲ್ಲಿ ದೆಹಲಿಯ ಒಳಗಿನ ಸುದ್ದಿ ವಾಷಿಂಗ್ಟನ್ನಿಗೆ ಹೋಗ್ತಿದ್ದದ್ದು ನಿಜ. ಪೂರ್ವ ಪಾಕಿಸ್ತಾನದಲ್ಲಿ ಕೆಲಸ ಮುಗಿದ ಮೇಲೆ ಇಂದಿರಾ ಪಶ್ಚಿಮ ಪಾಕಿಸ್ತಾನದ ಕಡೆಗೆ ತಿರುಗ್ತಾರೆ, ಪಾಕಿಸ್ತಾನದ ಟ್ಯಾಂಕು ಮತ್ತು ವಾಯುಪಡೆಯನ್ನು ಮುಗಿಸೋ ಯೋಚನೆ ಇದೆ ಅಂತ ಸಿಐಎ ವರದಿ ಬಂದಿತ್ತು. ನಿಕ್ಸನ್, ಕಿಸಿಂಜರ್ ಅದನ್ನೇ ಹಿಡಿದುಕೊಂಡು ಗಾಬರಿ ಬಿದ್ದಿದ್ದರು ಅಂತ ಅಮೆರಿಕ ಸರ್ಕಾರವೇ ಆಮೇಲೆ ಬಿಡುಗಡೆ ಮಾಡಿದ ಕಡತಗಳಲ್ಲಿದೆ. ಹೇಳಿದವರು ಯಾರು ಅಂತ ಮಾತ್ರ ಅದರಲ್ಲಿ ಇಲ್ಲ. ಆಗಿನ ಸಂಪುಟದಲ್ಲಿದ್ದ ಬೇರೆ ಒಂದಿಬ್ಬರ ಹೆಸರು ಆಗಾಗ ಓಡಾಡುತ್ತೆ. ನಾನು ಬರೆಯಲ್ಲ. ಮೊರಾರ್ಜಿಗೆ ಆದದ್ದನ್ನೇ ಇನ್ನೊಬ್ಬರಿಗೆ ಮಾಡಿದ ಹಾಗೆ ಆಗುತ್ತೆ.

ಈ ಪ್ರಶ್ನೆಯ ಬಾಲಕ್ಕೆ ಯಾವಾಗಲೂ ಇನ್ನೊಂದು ಪ್ರಶ್ನೆ ಕಟ್ಟಿಕೊಂಡು ಬರುತ್ತೆ. ಪ್ರಧಾನಿ ಆಗಿದ್ದಾಗ ಪಾಕಿಸ್ತಾನದ ಸೇನಾ ಆಡಳಿತಗಾರ ಜನರಲ್ ಝಿಯಾಗೆ ಅಲ್ಲಿನ ಕಹೂಟಾ ಅಣು ಘಟಕದ ಬಗ್ಗೆ ‘ನಮಗೆ ಎಲ್ಲಾ ಗೊತ್ತಿದೆ’ ಅಂತ ಮೊರಾರ್ಜಿ ಬಾಯಿಬಿಟ್ಟರು, ಅದಕ್ಕೆ ಬಹುಮಾನವಾಗಿ ಝಿಯಾ ಅಲ್ಲಿನ ಅತ್ಯುನ್ನತ ನಾಗರಿಕ ಪ್ರಶಸ್ತಿ ನಿಶಾನ್-ಎ-ಪಾಕಿಸ್ತಾನ್ ಕೊಟ್ಟರು ಅನ್ನೋದು. ಮೊದಲ ಭಾಗಕ್ಕೆ ಸ್ವಲ್ಪ ಆಧಾರ ಇದೆ, ನಮ್ಮ ಗೂಢಚಾರ ಸಂಸ್ಥೆ ‘ರಾ’ದಲ್ಲಿದ್ದ ಬಿ. ರಾಮನ್ 2007ರ ತಮ್ಮ ನೆನಪಿನ ಪುಸ್ತಕದಲ್ಲಿ ಹಾಗೆ ಬರೆದಿದ್ದಾರೆ. ಮೊರಾರ್ಜಿಗೂ ‘ರಾ’ಗೂ ಆಗಿಬರ್ತಿರಲಿಲ್ಲ. ಅದು ಇಂದಿರಾ ಕಟ್ಟಿದ ಸಂಸ್ಥೆ ಅಂತ ಅವರಿಗೆ ಅನುಮಾನ, ಬಂದ ಕೂಡಲೇ ಅದರ ರೆಕ್ಕೆ ಕತ್ತರಿಸಿದರು, ಮುಖ್ಯಸ್ಥ ಕಾವ್ ಹೊರನಡೆದರು. ರಾಮನ್ ಹೇಳಿದ್ದು ನಿಜವೇ ಆದರೂ ಅದು ಬಾಯಿ ಹಗುರ ಆದದ್ದೇ ಹೊರತು ಗೂಢಚಾರಿಕೆ ಅಲ್ಲ. ಎರಡನೇ ಭಾಗಕ್ಕೆ ಕ್ಯಾಲೆಂಡರ್ ಸಾಕು. ನಿಶಾನ್-ಎ-ಪಾಕಿಸ್ತಾನ್ ಪ್ರದಾನ ಆದದ್ದು 1990ರಲ್ಲಿ, ಝಿಯಾ ವಿಮಾನ ಪತನದಲ್ಲಿ ಸತ್ತದ್ದು 1988ರ ಆಗಸ್ಟಿನಲ್ಲಿ. ಮರುವರ್ಷ, 1991ರಲ್ಲಿ, ನಮ್ಮ ಸರ್ಕಾರವೇ ಅವರಿಗೆ ಭಾರತ ರತ್ನ ಕೊಟ್ಟಿತು. ವಾಟ್ಸಾಪಿನಲ್ಲಿ ಓಡಾಡೋ ಫಾರ್ವರ್ಡಿನಲ್ಲಿ ಅದು ಇರೋದಿಲ್ಲ.